ಹಿಮಾಲಯಕ್ಕೆ ಹೊರಟವರು ದಿನ ಉಳಿಸಬಾರದು

ಬಿಸಿಲು ನಲವತ್ತು ದಾಟಿತೆಂದರೆ ಕಲಬುರಗಿಯಲ್ಲಿ ಹಿಮಾಲಯದ ಮಾತು ಶುರುವಾಗುತ್ತದೆ. ಏಪ್ರಿಲ್ ತಿಂಗಳಲ್ಲಿ ನನಗೆ ಬರುವ ಪತ್ರ, ಫೋನುಗಳಲ್ಲಿ ಮತ್ತೆ ಮತ್ತೆ ಇದೇ ಪ್ರಶ್ನೆ: "ಅಕ್ಕಾ, ಟ್ರೆಕ್ಕಿಂಗಿಗಿ ಹೋಗಬೇಕಂತ ಮಾಡೀವಿ, ಯಾವ ಕಂಪನಿ ಚಲೋ ಅದ?" ಕೇಳುವವರಲ್ಲಿ ಬ್ಯಾಂಕ್ ನೌಕರರಿದ್ದಾರೆ, ನರ್ಸುಗಳಿದ್ದಾರೆ, ಕಾಲೇಜು ಹುಡುಗರಿದ್ದಾರೆ. ಮಕ್ಕಳ ಮದುವೆ ಮುಗಿಸಿ, ಇನ್ನಾದರೂ ತಮಗೆಂದು ಒಂದಿಷ್ಟು ದಿನ ಇಟ್ಟುಕೊಳ್ಳೋಣ ಎಂದುಕೊಂಡ ಹೆಂಗಸರೂ ಇದ್ದಾರೆ. ಈ ಸಲ ಕಮಲಾಪುರದ ಕೆಲವು ಶಿಕ್ಷಕರು ಸೇರಿ ಬರೆದಿದ್ದಾರೆ. ಪತ್ರದ ಜೊತೆ ಗೆರೆ ಎಳೆದು ಅಚ್ಚುಕಟ್ಟಾಗಿ ಬರೆದ ಒಂದು ವೇಳಾಪಟ್ಟಿ. ಕಮಲಾಪುರದಿಂದ ರೈಲಿನಲ್ಲಿ ಕಲಬುರಗಿ, ಅಲ್ಲಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದು ದೆಹಲಿ, ದೆಹಲಿಯಿಂದ ಬೆಳಗಿನ ವಿಮಾನಕ್ಕೆ ಲೇಹ್, ಮರುದಿನವೇ ನಡಿಗೆ. "ರಜಾ ಕಡಿಮಿ ಅವ, ಒಂದು ದಿನಾನೂ ವೇಸ್ಟ್ ಆಗಬಾರ್ದು ಅಂತ ಹಿಂಗ ಮಾಡೀವಿ" ಎಂದು ಕೆಳಗೆ ಬರೆದಿದ್ದರು.

ಆ ಹಾಳೆ ನೋಡಿ ನನಗೆ ಆತಂಕವೇ ಆಯಿತು. ಕಂಪನಿಯ ಹೆಸರನ್ನು ಯಾರು ಬೇಕಾದರೂ ಹೇಳಿಯಾರು. ಆದರೆ ಹಿಮಾಲಯದಲ್ಲಿ ಜೀವ ಕಾಯುವುದು ದಿನಗಳು. ಎಷ್ಟು ದಿನದಲ್ಲಿ ಎಷ್ಟು ಎತ್ತರ ಏರುತ್ತೀರಿ, ಎಲ್ಲಿ ಮಲಗುತ್ತೀರಿ, ಹವಾಮಾನ ಕೆಟ್ಟರೆ ಕಾಯಲು ಕೈಯಲ್ಲಿ ಎಷ್ಟು ದಿನ ಉಳಿದಿವೆ ಎಂಬುದನ್ನು ನೋಡಿದರೆ ಸಾಕು, ಆ ಪ್ರವಾಸ ಒಳ್ಳೆಯದೋ ಕೆಟ್ಟದ್ದೋ ಎಂದು ಮುಕ್ಕಾಲು ಪಾಲು ಹೇಳಿಬಿಡಬಹುದು.

ನಮ್ಮ ಕಲಬುರಗಿ ಇರುವುದು ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿ. ದೆಹಲಿ ಇನ್ನೂ ಕೆಳಗೆ. ಲೇಹ್ ಪಟ್ಟಣ 3,500 ಮೀಟರಿನಲ್ಲಿದೆ. ಅಂದರೆ ಬೆಳಿಗ್ಗೆ ದೆಹಲಿಯ ಸೆಕೆಯಲ್ಲಿ ಚಹಾ ಕುಡಿದವರು ಹೊಟ್ಟೆಗೆ ನಾಷ್ಟಾ ಬೀಳುವ ಹೊತ್ತಿಗೆ ಮೂರು ಕಿಲೋಮೀಟರ್ ಮೇಲೆ ನಿಂತಿರುತ್ತಾರೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲೂ ಶೇ 21. ಕಡಿಮೆಯಾಗುವುದು ಗಾಳಿಯ ಒತ್ತಡ. ಒತ್ತಡ ಇಳಿದರೆ ಪ್ರತಿ ಉಸಿರಿನಲ್ಲಿ ಒಳಗೆ ಹೋಗುವ ಆಮ್ಲಜನಕವೂ ಇಳಿಯುತ್ತದೆ. ಲೇಹ್‌ನಲ್ಲಿ ನಿಮಗೆ ಸಿಗುವುದು ಸಮುದ್ರಮಟ್ಟದ ಮೂರನೇ ಎರಡು ಪಾಲು. 5,500 ಮೀಟರಿಗೆ ಹೋದರೆ ಅರ್ಧ.

ದೇಹ ಇದಕ್ಕೆ ತಕ್ಷಣ ಮಾಡುವ ಉಪಾಯ ಜೋರಾಗಿ ಉಸಿರಾಡುವುದು. ಆದರೆ ಅದರಲ್ಲೇ ಒಂದು ತೊಡಕಿದೆ. ಜೋರಾಗಿ ಉಸಿರು ಬಿಟ್ಟಷ್ಟೂ ರಕ್ತದಲ್ಲಿರುವ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗಿ ರಕ್ತ ಕ್ಷಾರದ ಕಡೆ ವಾಲುತ್ತದೆ. ಆಗ ಮಿದುಳು "ಸಾಕು, ನಿಧಾನ" ಎಂದು ಉಸಿರಿಗೆ ಕಡಿವಾಣ ಹಾಕುತ್ತದೆ. ಎತ್ತರದ ಕ್ಯಾಂಪಿನಲ್ಲಿ ರಾತ್ರಿ ಪಕ್ಕದವರ ಉಸಿರು ಕೆಲವು ಕ್ಷಣ ನಿಂತು, ಮತ್ತೆ ದಡಕ್ಕನೆ ಶುರುವಾಗುವುದನ್ನು ಕೇಳಿ ಹೊಸಬರು ಗಾಬರಿಯಾಗುವುದು ಇದೇ ಕಾರಣಕ್ಕೆ. ಈ ಜಗಳ ಬಗೆಹರಿಸುವುದು ಮೂತ್ರಪಿಂಡಗಳ ಕೆಲಸ. ಅವು ಹೆಚ್ಚುವರಿ ಬೈಕಾರ್ಬನೇಟನ್ನು ಮೂತ್ರದ ಮೂಲಕ ಹೊರಹಾಕಿ ರಕ್ತವನ್ನು ಸಮತೋಲಕ್ಕೆ ತರುತ್ತವೆ. ಅದಕ್ಕೆ ಅವುಗಳಿಗೆ ಕೆಲವು ದಿನ ಬೇಕು. ಮೂತ್ರಪಿಂಡಕ್ಕೆ ನಿಮ್ಮ ರಜೆಯ ಲೆಕ್ಕ ತಿಳಿಯದು. ನಮ್ಮ ಕಮಲಾಪುರದ ಕೆಂಪು ಬಾಳೆ ಉಳಿದ ಬಾಳೆಗಿಂತ ಹೆಚ್ಚು ತಿಂಗಳು ತೆಗೆದುಕೊಂಡೇ ಗೊನೆ ಬಿಡುತ್ತದಲ್ಲ, ಅವಸರ ಮಾಡಿ ಏನೂ ಪ್ರಯೋಜನವಿಲ್ಲವಲ್ಲ, ದೇಹದ ಈ ಕೆಲಸವೂ ಹಾಗೆಯೇ.

ಹೀಗಾಗಿ ವೈದ್ಯರು ಹೇಳುವ ನಿಯಮ ಸರಳವಾಗಿದೆ. 3,000 ಮೀಟರ್ ದಾಟಿದ ಮೇಲೆ ಇವತ್ತು ಮಲಗಿದ ಜಾಗಕ್ಕಿಂತ ನಾಳೆ ಮಲಗುವ ಜಾಗ 500 ಮೀಟರಿಗಿಂತ ಹೆಚ್ಚು ಎತ್ತರ ಇರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅದೇ ಎತ್ತರದಲ್ಲಿ ಉಳಿಯಬೇಕು. ಹಗಲು ಮೇಲೆ ಹತ್ತಿ ರಾತ್ರಿ ಕೆಳಗಿಳಿದು ಮಲಗಿದರೆ ಇನ್ನೂ ಒಳ್ಳೆಯದು. ವಿಮಾನದಲ್ಲಿ ಲೇಹ್‌ಗೆ ಇಳಿದವರು ಕನಿಷ್ಠ 48 ಗಂಟೆ ಎಲ್ಲಿಗೂ ಏರದೆ ಸುಮ್ಮನಿರಬೇಕು. "ಡೈಮಾಕ್ಸ್ ಗುಳಿಗೆ ತಗೊಂಡ್ರ ಸಾಕಲ್ರಿ?" ಎಂದು ಬಹಳ ಜನ ಕೇಳುತ್ತಾರೆ. ಆ ಗುಳಿಗೆ ಮೂತ್ರಪಿಂಡದ ಕೆಲಸವನ್ನು ಸ್ವಲ್ಪ ಬೇಗ ಮಾಡಿಸುತ್ತದೆ, ಅಷ್ಟೆ. ಕೈಬೆರಳು ಜುಮುಜುಮು ಎನ್ನುತ್ತವೆ, ಮೇಲಿಂದ ಮೇಲೆ ಮೂತ್ರಕ್ಕೆ ಹೋಗಬೇಕಾಗುತ್ತದೆ. ಸಲ್ಫಾ ಔಷಧಿಯ ಅಲರ್ಜಿ ಇದ್ದವರು, ಬೇರೆ ಔಷಧಿ ನಡೆಯುತ್ತಿರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಗುಳಿಗೆಯ ಧೈರ್ಯದ ಮೇಲೆ ಒಂದು ದಿನ ಕಡಿತ ಮಾಡುವುದಂತೂ ಸರಿಯಲ್ಲ.

ಗಟ್ಟಿ ಆಳುಗಳಿಗೆ ಇದೆಲ್ಲ ತಟ್ಟದು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಅದು ತಪ್ಪೆಂದು ನಾನು ಕೇದಾರಕಂಠದ ದಾರಿಯಲ್ಲಿ ಕಣ್ಣಾರೆ ನೋಡಿದ್ದೇನೆ. ಉತ್ತರಾಖಂಡದ ಸಾಂಕ್ರಿ ಎಂಬ ಹಳ್ಳಿಯಿಂದ ಶುರುವಾಗುವ ಚಾರಣ ಅದು. ಸಾಂಕ್ರಿ ಇರುವುದು ಹೆಚ್ಚುಕಡಿಮೆ 1,950 ಮೀಟರಿನಲ್ಲಿ, ಶಿಖರ 3,800ರಲ್ಲಿ. ನಮ್ಮ ತಂಡದಲ್ಲಿ ಕಲಬುರಗಿಯವನೇ ಒಬ್ಬ ಹುಡುಗ, ದಿನಾ ಜಿಮ್ಮಿಗೆ ಹೋಗುವವನು, ಎರಡು ದಿನ ಎಲ್ಲರಿಗಿಂತ ಮುಂದೆ ನಡೆದಿದ್ದ. ಬೇಸ್ ಕ್ಯಾಂಪಿನಲ್ಲಿ ಸಂಜೆ ಊಟದ ಡೇರೆಯೊಳಗೆ ಬಿಸಿ ಸೂಪ್ ಹಂಚುತ್ತಿದ್ದರು. ತಲೆನೋವೆಂದು ಅವನು ಲೋಟ ಮುಟ್ಟಲಿಲ್ಲ. ನಮ್ಮ ಗೈಡ್ ಆ ಕಡೆಯ ಹಳ್ಳಿಯವರೇ, ವಯಸ್ಸು ಐವತ್ತರ ಹತ್ತಿರ. ಅವರು ಬಂದು ಅವನ ಎದುರು ಕೂತು ಮೊದಲು ಅವನ ಬೆರಳುಗಳನ್ನು ತಮ್ಮ ಅಂಗೈಗಳ ನಡುವೆ ಇಟ್ಟು ಚೆನ್ನಾಗಿ ತಿಕ್ಕಿದರು. ಬೆರಳು ತಣ್ಣಗಿದ್ದರೆ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಸುಳ್ಳು ಹೇಳುತ್ತದೆ. ಆಮೇಲೆ ಬೆರಳಿಗೆ ಅದನ್ನು ಸಿಕ್ಕಿಸಿದರು. ಅಂಕಿ ಎಪ್ಪತ್ತರ ಆಸುಪಾಸಿನಲ್ಲಿ ನಿಂತಿತು. ಅಷ್ಟಕ್ಕೇ ತೀರ್ಮಾನ ಮಾಡಲಿಲ್ಲ. ಹೊರಗೆ ಕರೆದೊಯ್ದು, ಟಾರ್ಚಿನ ಬೆಳಕಿನಲ್ಲಿ ಹಿಮದ ಮೇಲೆ ಕೋಲಿನಿಂದ ಒಂದು ಗೆರೆ ಎಳೆದು, ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ನಡೆಯಲು ಹೇಳಿದರು. ಮೂರನೇ ಹೆಜ್ಜೆಗೆ ಅವನ ಕಾಲು ಗೆರೆಯಿಂದ ಆಚೆ ಹೋಯಿತು. "ಬರೀ ದಣಿವು" ಎಂದ. ಗೈಡ್ ತಮ್ಮ ಪಹಾಡಿ ಹಿಂದಿಯಲ್ಲಿ ಹೇಳಿದ್ದು ಇಷ್ಟು: "ದಣಿವಿಗೆ ಕಾಲು ನಿಧಾನ ಬೀಳುತ್ತದೆ ಸಾಬ್, ಸೊಟ್ಟ ಬೀಳುವುದಿಲ್ಲ."

ಹುಡುಗ ಬೇಡಿಕೊಂಡ. ಪೂರ್ತಿ ದುಡ್ಡು ಕಟ್ಟಿದ್ದೇನೆ, ರಜೆ ಮುಗಿಯುತ್ತಿದೆ, ಒಂದು ನಿದ್ದೆ ಮಾಡಿದರೆ ಸರಿಹೋಗುತ್ತೇನೆ ಎಂದ. ಗೈಡ್ ದನಿ ಏರಿಸಲೂ ಇಲ್ಲ, ವಾದಕ್ಕೆ ನಿಲ್ಲಲೂ ಇಲ್ಲ. ಇಬ್ಬರು ಸಹಾಯಕರನ್ನು ಜೊತೆ ಮಾಡಿ ಆ ರಾತ್ರಿಯೇ ಕೆಳಗಿನ ಕ್ಯಾಂಪಿಗೆ ಇಳಿಸಿದರು. ಆರು ನೂರು ಮೀಟರ್ ಕೆಳಗೆ ಇಳಿದದ್ದೇ ಅವನಿಗೆ ಔಷಧವಾಯಿತು, ಬೆಳಿಗ್ಗೆಗೆ ತಲೆನೋವು ಹಗುರಾಗಿತ್ತು. ಎತ್ತರದಲ್ಲಿ ನಡಿಗೆ ತೊಡರುವುದು, ಮಾತು ಗೊಂದಲವಾಗುವುದು ಮಿದುಳಿನಲ್ಲಿ ನೀರು ತುಂಬುತ್ತಿರುವ ಲಕ್ಷಣ. ಕೂತಲ್ಲೇ ಏದುಸಿರು, ಬಿಡದ ಕೆಮ್ಮು ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವ ಲಕ್ಷಣ. ಎರಡಕ್ಕೂ ಮೊದಲ ಚಿಕಿತ್ಸೆ ಕೂಡಲೇ ಕೆಳಗಿಳಿಯುವುದು. ಬೆಳಗಾಗಲಿ ಎಂದು ಕಾಯುವಂತಿಲ್ಲ. ಗೈಡ್ ಎಂದರೆ ದಾರಿ ತೋರಿಸುವವನು ಎಂದುಕೊಂಡು ನಾವು ಹೋಗುತ್ತೇವೆ. ಕೇದಾರಕಂಠದಲ್ಲಿ ದಾರಿ ತಪ್ಪುವ ಮಾತೇ ಇಲ್ಲ, ಮುಂದಿನವರ ಹೆಜ್ಜೆ ಹಿಮದಲ್ಲಿ ಕಾಣುತ್ತಲೇ ಇರುತ್ತದೆ. ನಾವು ಹಣ ಕೊಡುವುದು ಅವರ ತೀರ್ಮಾನಕ್ಕೆ, ಮುಖ್ಯವಾಗಿ "ಇನ್ನು ಸಾಕು, ಹಿಂದಕ್ಕೆ" ಎನ್ನುವ ಅವರ ಅಧಿಕಾರಕ್ಕೆ.

ಈ ಭಾಗದವರಿಗೆ ಹಿಮಾಲಯ ಹೊಸದಲ್ಲ. ಕಾಶ್ಮೀರದ ಅರಸನಾಗಿದ್ದವನು ರಾಜ್ಯ ಬಿಟ್ಟು ನಡೆದು ಬಂದು, ನಮ್ಮ ಪಕ್ಕದ ಕಲ್ಯಾಣದಲ್ಲಿ ಕಟ್ಟಿಗೆ ಹೊರೆ ಮಾರಿ ಬದುಕಿ ಮೋಳಿಗೆಯ ಮಾರಯ್ಯನಾದ ಎನ್ನುತ್ತದೆ ಶರಣ ಪರಂಪರೆ. ಕೇದಾರನಾಥದ ಮುಖ್ಯ ಅರ್ಚಕರಾದ ರಾವಲರು ವೀರಶೈವ ಪರಂಪರೆಯವರು, ಊಖೀಮಠ ಪಂಚಪೀಠಗಳಲ್ಲೊಂದು. ಹಾಗಾಗಿ ಟ್ರೆಕ್ಕಿಂಗ್ ಎಂಬ ಮಾತು ಬರುವ ಎಷ್ಟೋ ಮೊದಲಿನಿಂದ ನಮ್ಮವರು ಆ ಕಡೆ ಹೋಗುತ್ತಲೇ ಇದ್ದಾರೆ. ಆದರೆ ಮೋಟಾರು ರಸ್ತೆ ಬರುವ ಮೊದಲು ಹೋದವರು ಹರಿದ್ವಾರ, ಋಷಿಕೇಶದಿಂದಲೇ ನಡೆಯುತ್ತಿದ್ದರು. ದಾರಿಯುದ್ದಕ್ಕೂ ಚಟ್ಟಿಗಳೆಂಬ ತಂಗುದಾಣಗಳಿದ್ದವು. ಹಗಲು ನಡೆದು, ಚಟ್ಟಿಯಲ್ಲಿ ಅನ್ನ ಬೇಯಿಸಿಕೊಂಡು, ಮಲಗಿ, ಮತ್ತೆ ಎದ್ದು ನಡೆಯುತ್ತ ವಾರಗಟ್ಟಲೆ ಕಳೆದು 3,583 ಮೀಟರಿನ ಕೇದಾರ ಮುಟ್ಟುವ ಹೊತ್ತಿಗೆ ಅವರ ರಕ್ತ ಆ ಗಾಳಿಗೆ ಒಗ್ಗಿರುತ್ತಿತ್ತು. ಆಕ್ಸಿಮೀಟರ್ ಇಲ್ಲದ ಕಾಲದಲ್ಲಿ ಆ ನಿಧಾನವೇ ಅವರನ್ನು ಕಾಯುತ್ತಿತ್ತು. ಈಗ ಹೆಲಿಕಾಪ್ಟರ್ ಹತ್ತಿದವರು ಕೆಲವೇ ನಿಮಿಷದಲ್ಲಿ ಗುಡಿಯ ಹತ್ತಿರ ಇಳಿಯುತ್ತಾರೆ. ವಯಸ್ಸಾದವರಿಗೆ, ಕಾಲು ಬಾರದವರಿಗೆ ಅದು ದೊಡ್ಡ ಅನುಕೂಲ, ನಿಜ. ಆದರೆ ಬಿಪಿ, ಹೃದಯದ ತೊಂದರೆ ಇದ್ದವರನ್ನು ತಪಾಸಣೆ ಮಾಡಿಸದೆ ಹಾಗೆ ಏರಿಸುವುದನ್ನು ಮನೆಯವರು ಒಪ್ಪಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈ ವಿಷಯದಲ್ಲಿ ಎಲ್ಲರೂ ನೋಡಿ ಕಲಿಯಬೇಕಾದ ವ್ಯವಸ್ಥೆ ಕೈಲಾಸ ಮಾನಸ ಸರೋವರ ಯಾತ್ರೆಯದು. ಐದು ವರ್ಷ ನಿಂತಿದ್ದ ಯಾತ್ರೆ 2025ರಲ್ಲಿ ಮತ್ತೆ ಶುರುವಾಯಿತು. ನಮ್ಮ ರಾಜ್ಯದ ಯಾತ್ರಿಗಳಿಗೆ ಕರ್ನಾಟಕ ಸರ್ಕಾರ 30 ಸಾವಿರ ರೂಪಾಯಿ ಸಹಾಯಧನ ಕೊಡುತ್ತದೆ ಎಂಬುದು ಗೊತ್ತಿರುವಷ್ಟು, ಅಲ್ಲಿನ ವೈದ್ಯಕೀಯ ತಪಾಸಣೆಯ ಕಟ್ಟುನಿಟ್ಟು ನಮ್ಮವರಿಗೆ ಗೊತ್ತಿಲ್ಲ. ವಯಸ್ಸು 18ರಿಂದ 70ರೊಳಗಿರಬೇಕು, ಎತ್ತರಕ್ಕೂ ತೂಕಕ್ಕೂ ಇರುವ ಅನುಪಾತ, ಅಂದರೆ ಬಿಎಂಐ 25 ಮೀರಬಾರದು. ದೆಹಲಿಯಲ್ಲಿ ಒಮ್ಮೆ ಪೂರ್ತಿ ತಪಾಸಣೆ. ಲಿಪುಲೇಖ್ ದಾರಿಯಲ್ಲಿ ಹೋಗುವವರಿಗೆ ಮೇಲೆ ಗುಂಜಿಯಲ್ಲಿ ಮತ್ತೊಮ್ಮೆ. ಅಲ್ಲಿ ವೈದ್ಯರು ಬೇಡವೆಂದರೆ ಕೈಲಾಸ ಎಷ್ಟು ಹತ್ತಿರವಿದ್ದರೂ ಹಿಂದಿರುಗಬೇಕು. ಲಕ್ಷಾಂತರ ರೂಪಾಯಿ ಖರ್ಚು ಮಾಡಿ, ಜೀವನವಿಡೀ ಕಾದು ಹೋದ ಭಕ್ತರನ್ನೇ ಹಿಂದಕ್ಕೆ ಕಳಿಸುವ ನಿಯಮ ಇದೆಯೆಂದರೆ, ವಾರದ ರಜೆ ಹಾಕಿ ಹೋದ ನಮಗೂ ಅಂಥದ್ದೊಂದು ನಿಯಮ ಇರಬೇಕಲ್ಲವೇ?

ಎತ್ತರಕ್ಕೆ ದೇಹ ಒಗ್ಗಿದರೂ ಗಾಳಿ, ಹಿಮ ನಮ್ಮ ಕೈಯಲ್ಲಿಲ್ಲ. 2024ರ ಜೂನ್ ತಿಂಗಳನ್ನು ಕರ್ನಾಟಕದ ಚಾರಣಿಗರು ಮರೆಯುವಂತಿಲ್ಲ. ಉತ್ತರಕಾಶಿ ಕಡೆಯಿಂದ ಸಹಸ್ರತಾಲ್ ಎಂಬ ಎತ್ತರದ ಸರೋವರಗಳಿಗೆ ಹೊರಟಿದ್ದ 22 ಜನರ ತಂಡದಲ್ಲಿ ಹೆಚ್ಚಿನವರು ಬೆಂಗಳೂರಿನವರು. ಮೇ 29ಕ್ಕೆ ಹೊರಟಿದ್ದರು. ಸರೋವರ ಮುಟ್ಟಿ ಹಿಂದಿರುಗುವಾಗ ಹಿಮಗಾಳಿ ಎದ್ದಿತು. ಮರೆಯಿಲ್ಲದ ಬಯಲಿನಲ್ಲಿ ರಾತ್ರಿ ಕಳೆಯಬೇಕಾಯಿತು. ಒಂಬತ್ತು ಜನ ಚಳಿಗೆ ಸತ್ತರು, ಹದಿಮೂರು ಜನರನ್ನು ರಕ್ಷಿಸಿ ಕರೆತಂದರು. ವಾಯುಪಡೆಯ ಹೆಲಿಕಾಪ್ಟರುಗಳು ಹೋದವು, ನಮ್ಮ ಕಂದಾಯ ಸಚಿವರಾದ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೆ ಹೋಗಿ ನಿಂತರು. ಸತ್ತವರಲ್ಲಿ ಹಲವರು ವರ್ಷಗಳಿಂದ ಬೆಟ್ಟ ಹತ್ತಿದ ಅನುಭವಿಗಳು. ದೂರದಲ್ಲಿ ಕೂತು ಅವರ ತಪ್ಪು ಇವರ ತಪ್ಪು ಎಂದು ಹೇಳಲು ನನಗೆ ಮನಸ್ಸಿಲ್ಲ. ಆ ಸುದ್ದಿ ಓದಿದಾಗ ನನಗೆ ಕಾಡಿದ್ದು ಮೇಲಿನ ದಾರಿಗಳಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ ಎಂಬ ಸಂಗತಿ. ನಮ್ಮ ದೇಶದಲ್ಲಿ ಸ್ಯಾಟಲೈಟ್ ಫೋನನ್ನು ಪರವಾನಗಿ ಇಲ್ಲದೆ ಒಯ್ಯುವಂತೆಯೂ ಇಲ್ಲ. ಹಾಗಾಗಿ ಆಪತ್ತಿನ ಸುದ್ದಿ ಕೆಳಗೆ ಮುಟ್ಟಬೇಕಾದರೆ ಯಾರಾದರೂ ಸಿಗ್ನಲ್ ಸಿಗುವಲ್ಲಿಗೆ ನಡೆದೇ ಬರಬೇಕು. ನೆರವು ಬರುವುದು ಆಮೇಲೆ. ಆ ಗಂಟೆಗಳನ್ನು ದಾಟಿಸುವುದು ಮೈಮೇಲಿನ ಒಣ ಬಟ್ಟೆ, ಹತ್ತಿರವಿರುವ ಡೇರೆ, ಇನ್ನೂ ಉಳಿದ ಹಗಲು. ಅದಕ್ಕೇ ಒಳ್ಳೆಯ ಗೈಡ್‌ಗಳು ಹೊರಡುವ ಮೊದಲೇ ಒಂದು ಹೊತ್ತು ಗೊತ್ತುಮಾಡಿರುತ್ತಾರೆ. ಆ ಹೊತ್ತಾಯಿತೆಂದರೆ ಶಿಖರ ಕಣ್ಣಳತೆಯಲ್ಲಿದ್ದರೂ ತಿರುಗುತ್ತಾರೆ. ನಾಳೆ ಮತ್ತೆ ಪ್ರಯತ್ನಿಸಬಹುದು ಎಂಬ ಒಂದು ಹೆಚ್ಚುವರಿ ದಿನ ಕಾರ್ಯಕ್ರಮದಲ್ಲಿದ್ದರೆ ಹಾಗೆ ತಿರುಗುವುದು ಅವರಿಗೂ ಸುಲಭ, ನಮಗೂ ಸುಲಭ. ಆ ದಿನವೇ ಇಲ್ಲದಿದ್ದರೆ ಎಲ್ಲರ ಮನಸ್ಸೂ ಮುಂದಕ್ಕೇ ಎಳೆಯುತ್ತದೆ.

ಅಗ್ಗದ ಪ್ಯಾಕೇಜುಗಳಲ್ಲಿ ಮೊದಲು ಮಾಯವಾಗುವುದೂ ಆ ದಿನವೇ. ಒಂದು ದಿನ ಹೆಚ್ಚಾದರೆ ಅಷ್ಟೂ ಜನರ ಊಟ, ಅಡುಗೆಯವರ ಕೂಲಿ, ಹೇಸರಗತ್ತೆಗಳ ಬಾಡಿಗೆ ಎಲ್ಲವೂ ಹೆಚ್ಚು. ಆರು ದಿನದ್ದನ್ನು ನಾಲ್ಕಕ್ಕೆ ಇಳಿಸಿದರೆ ದರ ಕಡಿಮೆ ಕಾಣುತ್ತದೆ, ರಜೆಯೂ ಉಳಿಯುತ್ತದೆ, ಗಿರಾಕಿ ಖುಷಿ. ಜಾಹೀರಾತಿನಲ್ಲಿ ಬರೆಯುವ ಸುಲಭ, ಮಧ್ಯಮ, ಕಠಿಣ ಎಂಬುದು ಆಯಾ ಕಂಪನಿ ತಾನೇ ಇಟ್ಟುಕೊಂಡ ಅಳತೆ. ನೀವು ಫೋನ್ ಮಾಡಿದಾಗ ಅದನ್ನು ಬಿಟ್ಟು, ಪ್ರತಿ ರಾತ್ರಿ ಮಲಗುವ ಜಾಗದ ಎತ್ತರ ಬರೆದು ಕಳಿಸಿ ಎನ್ನಿ. ಕಳಿಸಲು ಹಿಂದೆಮುಂದೆ ನೋಡಿದರೆ ಅಲ್ಲಿಗೇ ಬಿಡಿ. ತಂಡದ ಮುಂದಾಳು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ, ಮನಾಲಿ ಅಥವಾ ಡಾರ್ಜಿಲಿಂಗ್ ಸಂಸ್ಥೆಯಂಥ ಕಡೆ ತರಬೇತಿ ಪಡೆದವರೇ, ಆಮ್ಲಜನಕದ ಸಿಲಿಂಡರ್ ಕ್ಯಾಂಪಿನಲ್ಲಿರುತ್ತದೋ ಜೊತೆಗೆ ಬರುತ್ತದೋ, ಅರಣ್ಯ ಇಲಾಖೆಯ ಅನುಮತಿ ಆಗಿದೆಯೋ ಎಂದೂ ಕೇಳಿ. ಇನ್ನೊಂದು ಪ್ರಶ್ನೆಯನ್ನು ನಮ್ಮವರು ಸಂಕೋಚದಿಂದ ಕೇಳುವುದೇ ಇಲ್ಲ: ನಡುದಾರಿಯಲ್ಲಿ ನನ್ನನ್ನು ಹಿಂದಕ್ಕೆ ಕಳಿಸಿದರೆ ದುಡ್ಡಿನ ಗತಿ ಏನು? ಮತ್ತೊಮ್ಮೆ ಬರಲು ಅವಕಾಶ ಕೊಡುವ ಸಂಸ್ಥೆ ತನ್ನ ಗೈಡ್‌ನ ಮಾತಿಗೆ ಬೆಲೆ ಕೊಡುತ್ತದೆ ಎಂದೇ ಅರ್ಥ. ಪೂರ್ತಿ ಹಣ ಮುಳುಗುತ್ತದೆ ಎಂದರೆ ಚಾರಣಿಗ ತನ್ನ ತಲೆನೋವನ್ನು ಮುಚ್ಚಿಡುತ್ತಾನೆ. ಮುಚ್ಚಿಟ್ಟ ತಲೆನೋವಿನಷ್ಟು ಅಪಾಯದ್ದು ಬೆಟ್ಟದ ಮೇಲೆ ಬೇರೆ ಇಲ್ಲ.

ತಯಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮದು ಸಪಾಟು ಊರು. ಬೆಳಗಿನ ಜಾವ ಶರಣಬಸವೇಶ್ವರ ಕೆರೆಯ ಸುತ್ತ ನಡೆಯುವವರು ಒಳ್ಳೆಯದನ್ನೇ ಮಾಡುತ್ತಿದ್ದಾರೆ, ಆದರೆ ಏರು ನೆಲದ ಅಭ್ಯಾಸಕ್ಕೆ ಅದು ಸಾಲದು. ಬೆನ್ನಿಗೆ ಆರೇಳು ಕಿಲೋ ಭಾರ ಹಾಕಿಕೊಂಡು ಮೆಟ್ಟಿಲು ಹತ್ತಿ ಇಳಿಯಿರಿ, ಇಳಿಯುವುದನ್ನಂತೂ ಬಿಡಬೇಡಿ, ಮೊಣಕಾಲು ಸೋಲುವುದು ಅಲ್ಲೇ. ರಜಾ ದಿನ ಚಿಂಚೋಳಿಯ ಕಾಡಿನ ಕಡೆ, ಚಂದ್ರಂಪಳ್ಳಿಯ ಸುತ್ತ ಒಂದು ದೊಡ್ಡ ನಡಿಗೆ ಮಾಡಬಹುದು. ಹೊಸ ಬೂಟನ್ನು ಇಲ್ಲೇ ಸವೆಸಿ ಹೋಗಬೇಕು. ಊಟದ ವಿಷಯದಲ್ಲಿ ಒಂದು ಮಾತು: ಎತ್ತರದಲ್ಲಿ ಹಸಿವು ಸತ್ತುಹೋಗುತ್ತದೆ, ಕ್ಯಾಂಪಿನವರು ಎಷ್ಟು ಪ್ರೀತಿಯಿಂದ ಬಡಿಸಿದರೂ ತುತ್ತು ಇಳಿಯದು. ಆಗ ಒಂದು ಖಡಕ್ ರೊಟ್ಟಿ ಮುರಿದು ಶೇಂಗಾ ಹಿಂಡಿ ಹಚ್ಚಿಕೊಂಡರೆ ಹೊಟ್ಟೆಗೆ ಏನಾದರೂ ಹೋಗುತ್ತದೆ. ತೂಕವಿಲ್ಲ, ಕೆಡುವುದಿಲ್ಲ. ನಾನು ತಪ್ಪದೆ ಒಯ್ಯುತ್ತೇನೆ, ಅಡುಗೆ ಡೇರೆಯ ಹುಡುಗರಿಗೂ ಕೊಡುತ್ತೇನೆ.

ಕಮಲಾಪುರದ ಶಿಕ್ಷಕರಿಗೆ ಲೇಹ್ ಯೋಚನೆಯನ್ನು ಸದ್ಯಕ್ಕೆ ಬಿಡಿ, ಮೊದಲ ಸಲಕ್ಕೆ ಹರ್ ಕಿ ದೂನ್ ಸಾಕು ಎಂದು ಬರೆದಿದ್ದೇನೆ. ಅದೂ ಸಾಂಕ್ರಿಯ ಕಡೆಯದೇ. ಶಿಖರ ಏರುವ ದಾರಿಯಲ್ಲ, ನದಿಯ ಪಕ್ಕದಲ್ಲೇ ಓಸ್ಲಾ, ಗಂಗಾಡ್‌ನಂಥ ಹಳ್ಳಿಗಳನ್ನು ಹಾಯ್ದು ಮೆಲ್ಲಗೆ ಮೇಲೇರುವ ಕಣಿವೆ. ಕೊನೆಗೆ ಮುಟ್ಟುವ ಎತ್ತರ ಸುಮಾರು 3,560 ಮೀಟರ್, ಎದುರಿಗೆ ಸ್ವರ್ಗಾರೋಹಿಣಿ ಶಿಖರ. ಗೈಡ್‌ಗಳು ಆ ಹಳ್ಳಿಗಳವರೇ, ದುಡ್ಡು ಅವರ ಮನೆಗೇ ಹೋಗುತ್ತದೆ. ಬೇಸಿಗೆಯಲ್ಲೇ ಹೋಗಬೇಕೆಂಬ ಹಟವನ್ನೂ ಬಿಡಲು ಹೇಳಿದ್ದೇನೆ. ಇಲ್ಲಿನ ಬಿಸಿಲಿಗೆ ಹೆದರಿ ನಾವೆಲ್ಲ ಮೇ ತಿಂಗಳಲ್ಲೇ ಓಡುತ್ತೇವೆ. ಮಳೆಗಾಲ ಮುಗಿದ ಮೇಲಿನ ಅಕ್ಟೋಬರ್‌ನಲ್ಲಿ ಆ ಕಣಿವೆಯ ಆಕಾಶ ಹೆಚ್ಚು ನಿರ್ಮಲ. ಆಗಲೂ ಹಿಮ ಬೀಳುವುದೇ ಇಲ್ಲ ಎಂದಲ್ಲ, 2021ರ ಅಕ್ಟೋಬರ್‌ನಲ್ಲಿ ಲಮ್ಖಾಗಾ ಪಾಸ್ ಕಡೆ ಹೋದ ಚಾರಣಿಗರು ಹಿಮಕ್ಕೆ ಸಿಕ್ಕಿ ಸತ್ತಿದ್ದಾರೆ. ಹಾಗಾಗಿ ಹೆಚ್ಚುವರಿ ದಿನ ಆಗಲೂ ಬೇಕು. ಸಾಂಕ್ರಿಯಲ್ಲೇ ಒಂದು ಪೂರ್ತಿ ದಿನ ಉಳಿಯಿರಿ, ವಾಪಸ್ ರೈಲಿನ ಟಿಕೆಟನ್ನು ಚಾರಣ ಮುಗಿದ ಎರಡು ದಿನದ ಮೇಲೆ ಮಾಡಿಸಿ. ರೈಲ್ವೆಯವರು ಈಗ 60 ದಿನ ಮುಂಚೆಯಷ್ಟೇ ಬುಕಿಂಗ್ ಕೊಡುವುದರಿಂದ ದಸರಾ ರಜೆಗೆ ಹೋಗುವವರು ಆಗಸ್ಟ್ ಹೊತ್ತಿಗೆ ದಿನಾಂಕ ಗಟ್ಟಿಮಾಡಿಕೊಳ್ಳಬೇಕು. ಶಾಲೆಗೆ ರಜೆಯ ಅರ್ಜಿ ಕೊಡುವಾಗಲೂ ಆ ಎರಡು ದಿನ ಸೇರಿಸಿಯೇ ಕೊಡಿ ಎಂದಿದ್ದೇನೆ.